ದಿನ ತುಂಬದ ದೆವ್ವ

ವಿಡಿಯೊ ಆಟಗಳ ಇತಿಹಾಸವನ್ನು ಮುಂದೆ ಯಾರಾದರೂ ಗಂಭೀರವಾಗಿ ಬರೆಯಲು ಕೂತರೆ, ತೊಂಬತ್ತಾರನೆಯ ಇಸವಿಯ ಮೇ ತಿಂಗಳ ಒಂದು ಮಂಗಳವಾರವನ್ನು ಅವರು ದಾಟಿ ಹೋಗುವಂತಿಲ್ಲ. ಆ ದಿನ ಮಧ್ಯಾಹ್ನ ಒಸಾಕಾದ ಉಮೆಗಾಕಿ ಕಂಪನಿಯ ಮೂರನೆಯ ಮಹಡಿಯಲ್ಲಿ, ಇಗುಚಿ ಮಿಹೊ ಎಂಬಾಕೆ ಫ್ರಿಜ್ಜಿನಲ್ಲಿಟ್ಟಿದ್ದ ಪುಡ್ಡಿಂಗ್ ಕಾಣೆಯಾಯಿತು. ಮುಚ್ಚಳದ ಮೇಲೆ ಅವಳ ಹೆಸರಿತ್ತು. ಹೆಸರಿನ ಕೆಳಗೆ ಕೆಂಪು ಶಾಯಿಯ ಗೆರೆಯೂ ಇತ್ತು. ಇಷ್ಟಿದ್ದೂ ತಿನ್ನಬಲ್ಲವರು ಆ ಮಹಡಿಯಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ಎಲ್ಲರೂ ಮುಖ ಮುಖ ನೋಡಿಕೊಂಡು, ಇದು ಓನುಯಿಯ ಕೆಲಸವೇ ಇರಬೇಕೆಂದು ತೀರ್ಮಾನಿಸಿದರು.

ಓನುಯಿ ಅಂದರೆ ದೆವ್ವ. ಆ ಮಹಡಿಯಲ್ಲಿ ಒಂದೂವರೆ ವರ್ಷದಿಂದ ತಯಾರಾಗುತ್ತಿದ್ದ ಆಟದ ದೆವ್ವ. ಮುಚ್ಚಿಹೋದ ನೂಲಿನ ಗಿರಣಿಯೊಂದರಲ್ಲಿ ಅವಳ ವಾಸ. ಆಟಗಾರ ಆ ಗಿರಣಿಯೊಳಗೆ ಹೋಗಿ ಜೀವಸಹಿತ ಹೊರಬರಬೇಕು. ಅವಳನ್ನು ಹುಟ್ಟಿಸಿದವನು ನಿರ್ದೇಶಕ ಸಗಿಸಾಕಾ ಇವಾವೊ, ನಲವತ್ತು ದಾಟಿದವನು, ಉದ್ದ ಕತ್ತಿನವನು, ಯಾರಾದರೂ ಮಾತಾಡುವಾಗ ಆ ಕತ್ತನ್ನು ಕೊಕ್ಕರೆಯ ಹಾಗೆ ಓರೆಮಾಡಿ ಕೇಳುವವನು.

"ದೆವ್ವ ಪುಡ್ಡಿಂಗ್ ತಿನ್ನತ್ತಾ?" ಎಂದು ಕೇಳಿದ.

"ಚಮಚಾನೂ ತೊಳೆದಿಟ್ಟಿದೆ," ಎಂದಳು ಇಗುಚಿ. ಆಟದಲ್ಲಿ ಓನುಯಿಗೆ ನಡಿಗೆ, ತಿರುಗಾಟ, ಕೈಬೆರಳಿನ ಚಲನೆ ಕೊಡುತ್ತಿದ್ದವಳು ಅವಳೇ. "ನಮ್ಮ ಗಂಡಸರು ಯಾರೂ ತೊಳೆಯೋರಲ್ಲ. ಅದಕ್ಕೇ ನನಗೂ ಅವಳ ಮೇಲೇ ಅನುಮಾನ."

ಇದನ್ನು ಅವಳು ತಮಾಷೆಗೆಂದೇ ಹೇಳಿದ್ದು. ಆದರೆ ಒಮ್ಮೆ ಆಡಿದ ಮಾತು ಆ ಮಹಡಿಯಲ್ಲಿ ಸುಮ್ಮನೆ ಕೂರಲಿಲ್ಲ. ಮರುವಾರ ಹವಾನಿಯಂತ್ರಣದ ಕೊಳವೆ ಸೋರಿ ಆಟಕ್ಕೆ ಸದ್ದು ಕೂಡಿಸುವವನ ಟೇಪುಗಳೆಲ್ಲ ತೊಯ್ದವು. ಓನುಯಿ. ಯಾರೋ ಅನ್ನದ ಕುಕ್ಕರಿಗೆ ಪ್ಲಗ್ಗು ಬೇಕೆಂದು ಕಂಪ್ಯೂಟರಿನದನ್ನೇ ಕಿತ್ತರು, ವಾರದ ಕೆಲಸ ಹೊಗೆಯಾಯಿತು. ಓನುಯಿ. ನಿರ್ಮಾಪಕ ನಗಾಮಿನೆ ಮೆಟ್ಟಿಲಿನಲ್ಲಿ ಬಿದ್ದ. ಆ ಮೆಟ್ಟಿಲನ್ನು ಆಗಷ್ಟೇ ಒರೆಸಿದ್ದರು, ಒರೆಸಿದೆ ಎಂಬ ಹಳದಿ ಫಲಕವೂ ಇತ್ತು, ನಗಾಮಿನೆ ಬಿದ್ದದ್ದು ಆ ಫಲಕವನ್ನು ಎಡವಿಯೇ. ಆದರೂ ಓನುಯಿ.

ಗೂಬೆ ಕೂರಿಸಲು ಇಷ್ಟು ಅನುಕೂಲದ ತಲೆ ಇನ್ನೊಂದಿಲ್ಲ. ಅದು ತಿರುಗಿ ಮಾತಾಡುವುದಿಲ್ಲ.

ಇನ್ನೊಂದು ಮಾತು ಮೆಲ್ಲಗೆ ಮೇಲೆ ಬಂತು. ದೆವ್ವದ ಆಟ ಮಾಡುವವರು ಕೆಲಸ ಶುರುಮಾಡುವ ಮೊದಲು ದೇಗುಲಕ್ಕೆ ಹೋಗಿ ಸಾಲಾಗಿ ಕೂತು ತಲೆಬಗ್ಗಿಸುವುದು, ಅರ್ಚಕರು ಬಿಳಿ ಕಾಗದದ ಪಟ್ಟಿಗಳ ಕೋಲನ್ನು ತಲೆಯ ಮೇಲೆ ಬೀಸಿ ಪೀಡೆ ಕಳೆಯುವುದು, ಆ ಕಸುಬಿನಲ್ಲಿ ಎಲ್ಲರೂ ಮಾಡುವ ಕೆಲಸ. ನಂಬುವವರೂ ಮಾಡುತ್ತಾರೆ, ನಂಬದವರು ಇನ್ನೂ ಮುಂಚೆಯೇ ಮಾಡುತ್ತಾರೆ. ಸಗಿಸಾಕಾ ಮಾಡಿರಲಿಲ್ಲ.

ಅವನ ವೃತ್ತಿಯ ದಾರಿಯೇ ಹಾಗಿತ್ತು. ಇಪ್ಪತ್ತನೆಯ ವಯಸ್ಸಿಗೆ ಕಂಪನಿ ಸೇರಿದಾಗ ಅವನ ಕೆಲಸ, ದೊಡ್ಡ ಅಂಗಡಿಗಳ ತಾರಸಿಯ ಮೇಲೆ ಮಕ್ಕಳು ಕೂರುವ ಆಟದ ಕುದುರೆಗಳಿಗೆ ತಂತಿ ಬೆಸೆಯುವುದು. ಆಟ ರೂಪಿಸುವವನಿಗೆ ಜ್ವರ ಬಂದ ಒಂದು ವಾರ ಇವನನ್ನು ಕೂರಿಸಿದರು. ಮೀನು ಕಚ್ಚಿಕೊಂಡು ಹೆಂಚಿನಿಂದ ಹೆಂಚಿಗೆ ಹಾರುವ ಬೆಕ್ಕಿನ ಆಟವನ್ನು ಮಾಡಿದ. ಅದು ದೇಶವಿಡೀ ಓಡಿತು. ಕೊನೆಯಲ್ಲಿ ಬರುವ ಹೆಸರುಗಳಲ್ಲಿ ಅವನದು 'ಮೂಲಂಗಿ' ಎಂದಿತ್ತು, ಏಕೆಂದರೆ ನಿಜಹೆಸರು ಹಾಕಿದರೆ ಪಕ್ಕದ ಕಂಪನಿಯವರು ಹೆಚ್ಚು ಸಂಬಳ ಕೊಟ್ಟು ಎಳೆದುಕೊಳ್ಳುತ್ತಾರೆಂದು ಮೇಲಿನವರಿಗೆ ಭಯ. ಆಮೇಲೆ ಅವನು ಶತ್ರುಗಳೇ ಇಲ್ಲದ ಅಂಚೆಯವನ ಆಟ ಮಾಡಿದ, ಮುಳುಗಿತು. ಮಳೆ ನಿಲ್ಲುವವರೆಗೆ ಸೂರಿನ ಕೆಳಗೆ ಕಾಯುವ ಆಟ ಮಾಡಿದ. ಅದನ್ನು ಕೊಂಡವರು ನಿಜಕ್ಕೂ ಕಾದರು, ಅಂಗಡಿ ತೆರೆದ ಕೂಡಲೇ ವಾಪಸು ಕೊಡಲು. ಓನುಯಿ ಅವನ ನಾಲ್ಕನೆಯ ಆಟ, ಕೊನೆಯ ಅವಕಾಶ ಎಂದು ಎಲ್ಲರಿಗೂ ಗೊತ್ತಿತ್ತು, ಅವನಿಗೂ.

"ಸಗಿಸಾಕಾ-ಸಾನ್, ಒಂದು ಗಂಟೆಯ ಕೆಲಸ," ಎಂದು ನಗಾಮಿನೆ ಪಟ್ಟಿ ಕಟ್ಟಿದ ಕಾಲನ್ನು ಕುರ್ಚಿಯ ಮೇಲಿಟ್ಟುಕೊಂಡು ಹೇಳಿದ. "ಹೋಗೋದು, ಕೂರೋದು, ಬಗ್ಗೋದು, ಬರೋದು. ಬರ್ತಾ ಉದೋನ್ ಶಾವಿಗೆ ತಿನ್ನೋಣ, ನಾನೇ ಕೊಡಿಸ್ತೀನಿ."

"ಅವಳನ್ನ ಓಡಿಸೋ ಪೂಜೆಗೆ ನಾನು ಬರಲ್ಲ."

"ಯಾರು ಓಡಿಸ್ತಾರೆ? ಸ್ವಲ್ಪ ಸಮಾಧಾನ ಮಾಡ್ತಾರೆ ಅಷ್ಟೇ."

"ನಗಾಮಿನೆ-ಸಾನ್, ನೀವು ಕಥೆ ಓದಿದ್ದೀರಾ?"

ನಗಾಮಿನೆ ಓದಿರಲಿಲ್ಲ. ಓದಿದ್ದೇನೆ ಎಂದು ತಲೆಯಾಡಿಸಿದ.

"ಹಾಗಾದ್ರೆ ನಿಮಗೆ ಗೊತ್ತಿರಬೇಕು. ಹುಡುಗೀರು ಓಡಿಹೋಗಬಾರದು ಅಂತ ಗಿರಣಿ ಮಾಲೀಕ ಹೊರಗಡೆಯಿಂದ ಬೀಗ ಹಾಕ್ತಾನೆ. ಬೆಂಕಿ ಬೀಳತ್ತೆ. ಓನುಯಿ ಒಳಗೇ ಉಳೀತಾಳೆ. ಮಾರನೇ ದಿನ ಮಾಲೀಕ ಮೊದಲು ಕರೆಸೋದು ಪೊಲೀಸರನ್ನಲ್ಲ, ಪುರೋಹಿತನನ್ನ. ಯಾಕೆ? ಎಲ್ಲರೂ ದೆವ್ವದ ಮಾತಾಡ್ತಾ ಇದ್ರೆ ಬೀಗದ ಮಾತು ಯಾರೂ ಎತ್ತಲ್ಲ."

"ಅದು ಕಥೆ."

"ಆಗಸ್ಟಿಗೆ ಆಟ ಕೊಡ್ತೀವಿ ಅಂತ ಅಂಗಡಿಯವರಿಗೆ ಮಾತು ಕೊಟ್ಟಿದ್ದು ಯಾರು?"

ನಗಾಮಿನೆ ತನ್ನ ಕಾಲಿನ ಪಟ್ಟಿಯನ್ನು ಸರಿಮಾಡಿಕೊಂಡ.

ವಿಷಯ ಇದ್ದದ್ದು ಅಲ್ಲಿ. ಆ ನಾಡಿನಲ್ಲಿ ಆಗಸ್ಟ್ ಅಂದರೆ ಬೇಸಿಗೆ, ದೆವ್ವಗಳಿಗೆ ಅದೇ ಕಾಲ. ಸೆಕೆಯಲ್ಲಿ ಮೈ ಜುಮ್ಮೆನ್ನಿಸಿಕೊಳ್ಳಲು ಜನ ದೆವ್ವದ ಕಥೆ ಕೇಳುತ್ತಾರೆ. ಆಗಸ್ಟ್ ನಡುವೆ ಸತ್ತ ಹಿರಿಯರೂ ಮನೆಗೆ ಬಂದು ಹೋಗುತ್ತಾರೆ. ಚಳಿಗಾಲದಲ್ಲಿ ದೆವ್ವ ಮಾರುವುದೆಂದರೆ ಹಿಮ ಬೀಳುವಾಗ ಐಸ್ ಕಡ್ಡಿ ಮಾರಿದಂತೆ. ನಗಾಮಿನೆ ತಂಡದವರನ್ನು ಕೇಳದೆಯೇ ಆಗಸ್ಟ್ ಎಂದು ಸಾರಿಬಿಟ್ಟಿದ್ದ. ಆದರೆ ಓನುಯಿ ಇನ್ನೂ ಅರ್ಧ ಮಾತ್ರ ಆಗಿದ್ದಳು. ಸಗಿಸಾಕಾನ ದೆವ್ವ ಅಟ್ಟಿಸಿಕೊಂಡು ಬರುವಂಥದ್ದಲ್ಲ. ಅವಳು ರಾಟೆಯ ಮುಂದೆ ಕೂತು ತನ್ನ ಪಾಡಿಗೆ ನೂಲುತ್ತಿರುತ್ತಾಳೆ. ಆಟಗಾರ ಎಲ್ಲಿ ಅಡಗುತ್ತಾನೆ, ಯಾವ ಬಾಗಿಲಿಗೆ ಮೊದಲು ಕೈಹಾಕುತ್ತಾನೆ, ಹೆದರಿದಾಗ ಎಡಕ್ಕೆ ಓಡುತ್ತಾನೋ ಬಲಕ್ಕೋ, ಅದನ್ನೆಲ್ಲ ಕಲಿಯುತ್ತಾಳೆ. ಕಲಿತ ಮೇಲೆ ಒಂದು ಸಲ, ಒಂದೇ ಸಲ, ಕತ್ತೆತ್ತಿ ಅವನು ಇರುವ ಕಡೆಗೆ ನೋಡುತ್ತಾಳೆ. ಮೇ ತಿಂಗಳಲ್ಲಿ ಅವಳಿಗೆ ಕಲಿಯಲು ಬರುತ್ತಿರಲಿಲ್ಲ. ಗೋಡೆಯನ್ನು ನೋಡುತ್ತಿದ್ದಳು. ಒಮ್ಮೊಮ್ಮೆ ತನ್ನ ಬೆನ್ನನ್ನೇ ನೋಡುತ್ತಿದ್ದಳು.

ನಗಾಮಿನೆಯ ಬಳಿ ಇದಕ್ಕೆ ಉಪಾಯವಿತ್ತು. "ಬೀರುಗಳನ್ನ ಇಡಿ. ಬೀರು ತೆಗೆದ ಕೂಡಲೇ 'ಭೋ' ಅಂತ ಹೊರಗೆ ಹಾರಲಿ. ಕಲಿಯೋದು ಗಿಲಿಯೋದು ಯಾಕೆ? ಅವಳೇನು ಪರೀಕ್ಷೆ ಬರೀತಾಳಾ?"

"ಬೀರಿನಿಂದ ಹಾರೋಕೆ ದೆವ್ವ ಯಾಕೆ, ನಮ್ಮ ಮನೆ ಬೆಕ್ಕು ಸಾಕು," ಎಂದಳು ಇಗುಚಿ, ತಲೆಯೆತ್ತದೆ.

ಜೂನ್ ಹೊತ್ತಿಗೆ ಮಹಡಿಯ ಅರ್ಧ ಜನ ಸಗಿಸಾಕಾನೊಡನೆ ಮಾತು ಕಡಿಮೆ ಮಾಡಿದ್ದರು. ಕೆಲವರು ಮೇಜಿನ ಮೂಲೆಯಲ್ಲಿ ತಟ್ಟೆಗಳಲ್ಲಿ ಉಪ್ಪಿನ ಪುಟ್ಟ ಗುಡ್ಡೆಗಳನ್ನಿಟ್ಟುಕೊಂಡರು, ಪೀಡೆ ಹತ್ತಿರ ಬಾರದಿರಲೆಂದು. ಸಗಿಸಾಕಾ ಮಧ್ಯಾಹ್ನ ಬೇಯಿಸಿದ ಮೊಟ್ಟೆ ತರುತ್ತಿದ್ದ. ಒಂದು ದಿನ ದಾರಿಯಲ್ಲಿ ಸಿಕ್ಕ ಗುಡ್ಡೆಯಲ್ಲಿ ಮೊಟ್ಟೆಯನ್ನು ಅದ್ದಿಕೊಂಡು ತಿಂದ. ಆ ಮೇಜಿನ ಹುಡುಗ ಬಿಳಿಚಿಕೊಂಡ.

"ನಿಮಗೆ ಭಯ ಆಗಲ್ವಾ, ಸಗಿಸಾಕಾ-ಸಾನ್?"

"ಆಗತ್ತೆ. ಆಗಸ್ಟ್ ಅಂದ್ರೆ ಭಯ ಆಗತ್ತೆ."

ಮೇಲಿನ ಮಹಡಿಯಿಂದ ಕರೆ ಬಂತು. ಒಡೆಯ ಉಮೆಗಾಕಿ ತೊಕುಜಿರೊ ಅವರಿಗೆ ಎಪ್ಪತ್ತೊಂದು. ಎಲ್ಲರೂ 'ಶಾಚೋ', ಅಂದರೆ ಕಂಪನಿಯ ಯಜಮಾನರು, ಎಂದೇ ಕರೆಯುತ್ತಿದ್ದರು, ಮನೆಯಲ್ಲಿ ಹೆಂಡತಿಯೂ ಸಹ. ಯುದ್ಧ ಮುಗಿದ ಮೇಲೆ ತಗಡಿನ ಕಪ್ಪೆಗಳನ್ನು ಮಾರಿ ಮೇಲೆ ಬಂದವರು. ಲಿಫ್ಟಿನ ಗುಂಡಿ ಒತ್ತುವ ಮೊದಲೂ ಒಮ್ಮೆ ಕೈ ಜೋಡಿಸುವ ಸ್ವಭಾವ. ಸಗಿಸಾಕಾ ಹೋಗುವಾಗ ನಗಾಮಿನೆ ಆಗಲೇ ಅಲ್ಲಿ ಕೂತು ಬಾರ್ಲಿ ಚಹಾ ಕುಡಿಯುತ್ತಿದ್ದ.

"ಏನಪ್ಪ ಮೂಲಂಗಿ," ಎಂದರು ಶಾಚೋ. "ದೇವರ ಜೊತೆ ಜಗಳವಂತೆ."

"ದೇವರ ಜೊತೆ ಇಲ್ಲ, ಶಾಚೋ. ತಾರೀಖಿನ ಜೊತೆ."

"ತಾರೀಖು ನನ್ನದು."

"ಹಾಗಾದ್ರೆ ನಿಮ್ಮ ಜೊತೆ."

ನಗಾಮಿನೆ ಚಹಾದ ಲೋಟವನ್ನು ಕೆಳಗಿಟ್ಟ. ಶಾಚೋ ಸಿಟ್ಟಾಗಲಿಲ್ಲ. ಸಿಟ್ಟಾದರೆ ಅವರು ಬೀಸಣಿಗೆ ಮುಚ್ಚುತ್ತಿದ್ದರು. ಈಗ ಬೀಸುತ್ತಲೇ ಇದ್ದರು.

"ಕೇಳು. ಸೋರಿದ್ದು, ಸುಟ್ಟಿದ್ದು, ಇವನು ಬಿದ್ದಿದ್ದು. ನನ್ನ ಕಂಪನಿಯಲ್ಲಿ ಇಷ್ಟೊಂದು ಕೇಡು ಯಾವತ್ತೂ ಆಗಿಲ್ಲ. ಶುಕ್ರವಾರ ಎಲ್ಲರೂ ದೇಗುಲಕ್ಕೆ ಹೋಗ್ತೀವಿ. ಪೀಡೆ ಕಳೀತಾರೆ. ಆಗಸ್ಟಿಗೆ ಆಟ ಹೊರಗೆ ಬರತ್ತೆ. ನೀನು ಬರಲಿಲ್ಲ ಅಂದ್ರೆ ಆಟ ನಗಾಮಿನೆಗೆ."

"ಅವರು ಬೀರು ಇಡ್ತಾರೆ."

"ಅವನು ಏನಾದ್ರೂ ಇಡಲಿ. ಬೀರೋ ಪೆಟ್ಟಿಗೆಯೋ, ನನಗೇನು."

ಸಗಿಸಾಕಾ ಕತ್ತು ಓರೆಮಾಡಿದ. "ಬರ್ತೀನಿ," ಎಂದ. "ತಲೆ ಬಗ್ಗಿಸಲ್ಲ."

"ಬಗ್ಗಿಸದೆ ಅಲ್ಲಿ ಬಂದು ಏನು ಮಾಡ್ತೀಯ?"

"ಕೂತು ನೋಡ್ತೀನಿ. ಪುರೋಹಿತನನ್ನ ಕರೆಸಿದಾಗ ಗಿರಣಿಯಲ್ಲಿ ಹಾಗೆ ಕೂತು ನೋಡಿದವರು ಒಬ್ಬರೂ ಇರಲಿಲ್ಲ."

ಕೆಳಗೆ ಬಂದಾಗ ಇಗುಚಿ ಕೇಳಿದಳು, "ಏನಾಯ್ತು?"

"ಶುಕ್ರವಾರ ಹೋಗೋದು."

"ಬಗ್ಗಿಬಿಟ್ರಾ ಕೊನೆಗೆ?"

"ಇಲ್ಲ."

"ಸರಿ," ಎಂದಳು. "ನಾನು ಅವಳ ಎಡಗೈ ಮುಗಿಸ್ತಿರ್ತೀನಿ. ನಿಮ್ಮನ್ನ ಅಲ್ಲಿಂದ ಹೊರಗೆ ಹಾಕಿದ್ರೆ ಬೇಗ ತಿಳಿಸಿ, ಸುಮ್ಮನೆ ಬೆರಳು ಕೊರೆಯೋದು ತಪ್ಪತ್ತೆ."

ದೇಗುಲ ಪೇಟೆಯ ಹಿಂಬದಿಯಲ್ಲಿ, ಟಯರ್ ಅಂಗಡಿಗೂ ಹಲ್ಲಿನ ವೈದ್ಯರಿಗೂ ನಡುವೆ ಇತ್ತು. ಶುಕ್ರವಾರ ಇವರು ಹೋದಾಗ ಅರ್ಚಕರು ಅಂಗಳದಲ್ಲಿ ಹೊಸ ಟ್ರಕ್ಕೊಂದರ ಬಾಗಿಲುಗಳನ್ನೆಲ್ಲ ತೆಗೆಸಿ ಒಳಗೆ ಕೋಲು ಬೀಸುತ್ತಿದ್ದರು. ನೆರಳಿನಲ್ಲಿ ಇಬ್ಬರು ಬಸುರಿಯರು ತಮ್ಮ ಅತ್ತೆಯರೊಂದಿಗೆ ಸರದಿಗೆ ಕಾಯುತ್ತಿದ್ದರು. ಕಪ್ಪು ಸೂಟಿನ ಒಂದು ಡಜನ್ ಗಂಡಸರು ಅವರ ಹಿಂದೆ ಸಾಲು ನಿಂತರು. ಅತ್ತೆಯರಲ್ಲಿ ಒಬ್ಬಳು ನಗಾಮಿನೆಯ ಹೊಟ್ಟೆಯನ್ನು ಗಮನಿಸಿ ನೋಡಿದಳು.

ಸರದಿ ಬಂತು. ಒಳಗೆ ಚಾಪೆಯ ಮೇಲೆ ಶಾಚೋ ಮುಂದೆ, ನಗಾಮಿನೆ ಪಕ್ಕದಲ್ಲಿ, ಉಳಿದವರು ಹಿಂದೆ. ಸಗಿಸಾಕಾ ಕೊನೆಯ ಸಾಲಿನಲ್ಲಿ ಕಂಬದ ಹಾಗೆ ನೆಟ್ಟಗೆ ಕೂತ. ಅರ್ಚಕರು ವಯಸ್ಸಾದವರು, ಬೆವರಿದವರು, ಬೆಳಗಿನಿಂದ ಕೂಗಿ ಗಂಟಲು ಕಟ್ಟಿದವರು. ದೇವರಿಗೆ ಬಿನ್ನಹ ಮಾಡುವ ಮೊದಲು ಯಾರು, ಎಲ್ಲಿಯವರು, ಏನು ಬೇಕು ಎಂಬುದನ್ನು ಸರಿಯಾಗಿ ಕೇಳಿ ತಿಳಿದುಕೊಳ್ಳುವುದು ಅವರ ಕ್ರಮ. ದೇವರಿಗೆ ಹೆಸರು ವಿಳಾಸ ತಪ್ಪಿ ಹೇಳಿದರೆ ಫಲ ಪಕ್ಕದ ಮನೆಗೆ ಹೋಗುತ್ತದೆ.

"ಕಂಪನಿ ಹೆಸರು, ವಿಳಾಸ ಆಯ್ತು," ಎಂದರು. "ಯಾರ ಪೀಡೆ ಕಳೀಬೇಕು?"

"ಒಂದು ದೆವ್ವದ್ದು," ಎಂದ ನಗಾಮಿನೆ.

"ಹೆಸರು?"

"ಓನುಯಿ."

"ಯಾವ ಊರಿನವಳು?"

ನಗಾಮಿನೆ ಶಾಚೋರನ್ನು ನೋಡಿದ. ಶಾಚೋ ಹಿಂದಕ್ಕೆ ತಿರುಗಿ ನೋಡಿದರು. "ಮೂಲಂಗಿ, ಯಾವ ಊರು?"

"ಊರಿಲ್ಲ," ಎಂದ ಸಗಿಸಾಕಾ ಹಿಂದಿನಿಂದ. "ನಾನು ಹುಟ್ಟಿಸಿದ್ದು."

ಅರ್ಚಕರು ಕನ್ನಡಕ ಹಾಕಿಕೊಂಡು ಅವನನ್ನು ಹುಡುಕಿದರು. "ನೀವು ತಂದೇನಾ?"

"ಹಾಗೇ ಅಂದ್ಕೊಳ್ಳಿ."

"ಪಾಪ. ತೀರಿಕೊಂಡಿದ್ದು ಯಾವಾಗ?"

"ತೀರಿಕೊಂಡಿಲ್ಲ."

"ದೆವ್ವ ಅಂದ್ರಲ್ಲ?"

"ದೆವ್ವ ಆಗಬೇಕು. ಇನ್ನೂ ಆಗಿಲ್ಲ. ಕೆಲಸ ನಡೀತಾ ಇದೆ. ಕೈ ಬಂದಿದೆ, ಕಾಲು ಬಂದಿದೆ. ಕತ್ತು ನಿಲ್ತಾ ಇಲ್ಲ."

"ಗುರುಗಳೇ, ಇದು ವಿಡಿಯೊ ಆಟ," ಎಂದು ನಗಾಮಿನೆ ಬೇಗ ಬೇಗ ಹೇಳಿದ. "ನೀವು ಮಾಮೂಲಿನ ಹಾಗೆ ಓಡಿಸಿಬಿಡಿ, ಸಾಕು."

"ಇರಿ ಸ್ವಾಮಿ. ಓಡಿಸೋನು ನಾನು, ನೀವಲ್ಲ." ಅರ್ಚಕರು ಮತ್ತೆ ಸಗಿಸಾಕಾನ ಕಡೆ ತಿರುಗಿದರು. "ಇನ್ನೂ ಲೋಕಕ್ಕೆ ಬಂದಿಲ್ಲ ಅಂತೀರಿ. ಆದ್ರೂ ತೊಂದರೆ ಕೊಡ್ತಾಳಂತಲ್ಲ? ಟೇಪು ತೊಯ್ದಿದೆ, ಯಾರೋ ಬಿದ್ದಿದ್ದಾರೆ, ಹಾಗಂತ ಫೋನಲ್ಲಿ ಹೇಳಿದ್ರು."

"ಟೇಪು ತೊಯ್ದಿದ್ದು ಕೊಳವೆ ಸೋರಿ. ರಿಪೇರಿಯವನನ್ನ ಕರೆಸಿ ಅಂತ ಮಾರ್ಚಿಂದ ಕೇಳ್ತಾ ಇದ್ದೀನಿ. ವಾರದ ಕೆಲಸ ಹೋಗಿದ್ದು ಅನ್ನ ಮಾಡೋಕೆ ಹೋಗಿ. ಮನೆಗೆ ಹೋಗೋಕೆ ಬಿಟ್ರೆ ಇಲ್ಲಿ ಯಾಕೆ ಅನ್ನ ಮಾಡ್ತಾರೆ? ಇವರು ಬಿದ್ದಿದ್ದು ಫಲಕ ನೋಡದೆ." ಸಗಿಸಾಕಾನ ದನಿ ಏರಲಿಲ್ಲ, ಆದರೆ ಚಾಪೆಯ ಕೊನೆಯವರೆಗೂ ಕೇಳಿಸಿತು. "ಇದರಲ್ಲಿ ಒಂದನ್ನೂ ಅವಳ ತಲೆಗೆ ಕಟ್ಟೋಕೆ ನಾನು ಬಿಡಲ್ಲ. ನೀವು ಅವಳನ್ನ ಓಡಿಸಿದ್ರೆ ದೇವರ ಮುಂದೆ ಸುಳ್ಳು ಹೇಳಿದ ಹಾಗೆ. ನಾನು ಇಲ್ಲೇ ಕೂತಿರ್ತೀನಿ, ನೀವು ಬಿನ್ನಹ ಮಾಡೋವಾಗ ಪ್ರತಿಸಲಾನೂ ಅಲ್ಲ ಅಂತೀನಿ."

ಹಿಂದಿನ ಸಾಲಿನವರೆಲ್ಲ ತಮ್ಮ ಮೊಣಕಾಲುಗಳನ್ನು ನೋಡುತ್ತ ಕೂತರು. ಶಾಚೋರ ಬೀಸಣಿಗೆ ಟಪ್ಪೆಂದು ಮುಚ್ಚಿತು.

ಅರ್ಚಕರು ಮಾತ್ರ ಸಿಟ್ಟಾದಂತೆ ಕಾಣಲಿಲ್ಲ. ಕೆಲಸ ಹೇಗೆ ಮಾಡುವುದೆಂದು ಲೆಕ್ಕ ಹಾಕುತ್ತಿದ್ದರು. ಕೊಳಾಯಿಯವನು ಗೋಡೆಯನ್ನು ನೋಡುವಂತೆ ಮೇಲೆ ಕೆಳಗೆ ನೋಡಿ, "ಇದು ಪೀಡೆ ಕಳೆಯೋ ಕೆಲಸವೇ ಅಲ್ಲ," ಎಂದರು. "ಸತ್ತವರಾದ್ರೆ ಕಳಿಸಬಹುದು. ಬಂದವರಾದ್ರೆ ಓಡಿಸಬಹುದು. ಇನ್ನೂ ಹುಟ್ಟದವಳನ್ನ ಎಲ್ಲಿಂದ ಎಲ್ಲಿಗೆ ಅಂತ ಓಡಿಸೋದು? ಕೈ ಬಂದಿದೆ, ಕಾಲು ಬಂದಿದೆ, ಕತ್ತು ನಿಂತಿಲ್ಲ ಅಂದ್ರೆ ಏನರ್ಥ? ನಾನು ದಿನಾ ನೋಡೋದು ಅದನ್ನೇ." ಹೊರಗಿನ ನೆರಳಿನ ಕಡೆ ಕೈ ತೋರಿಸಿದರು. "ಇದಕ್ಕೆ ಸುಖಪ್ರಸವದ ಬಿನ್ನಹ ಮಾಡಬೇಕು."

"ಸುಖಪ್ರಸವ," ಎಂದ ನಗಾಮಿನೆ, ಮೊದಲ ಸಲ ಆ ಮಾತು ಕೇಳಿದವನಂತೆ.

"ತಿಂಗಳು ಯಾವುದು?" ಅರ್ಚಕರು ಸಗಿಸಾಕಾನನ್ನು ಕೇಳಿದರು. "ತಿಂಗಳು ಹೇಳಲೇಬೇಕು."

"ಡಿಸೆಂಬರ್."

"ಆಗಸ್ಟ್," ಎಂದ ನಗಾಮಿನೆ.

ಅರ್ಚಕರು ಇಬ್ಬರನ್ನೂ ನೋಡಿದರು. "ಹೊತ್ತಿರೋದು ಯಾರು?"

ಹಿಂದಿನ ಸಾಲಿನಲ್ಲಿದ್ದ ಉಪ್ಪಿನ ಗುಡ್ಡೆಯ ಹುಡುಗ, ತನಗೇ ಗೊತ್ತಿಲ್ಲದೆ, ಬೆರಳೆತ್ತಿ ಸಗಿಸಾಕಾನನ್ನು ತೋರಿಸಿದ.

"ಹಾಗಾದ್ರೆ ತಿಂಗಳು ಅವರದ್ದೇ," ಎಂದರು ಅರ್ಚಕರು. ಆಮೇಲೆ ಶಾಚೋರ ಕಡೆ ಬಾಗಿ, ದನಿ ಇಳಿಸಿ, "ಉಮೆಗಾಕಿ-ಸಾನ್, ದಿನ ತುಂಬದೆ ಹೊರಗೆಳೆದ್ರೆ ಏನಾಗತ್ತೆ ಅಂತ ನಿಮಗೆ ನಾನು ಹೇಳಬೇಕಾ? ನಿಮ್ಮ ತಾಯಿ ನಿಮ್ಮನ್ನ ಹೊತ್ತಾಗ ಕೂತಿದ್ದು ಇದೇ ಚಾಪೆ ಮೇಲೆ. ಆಗ ನಮ್ಮ ಅಜ್ಜ ಬಿನ್ನಹ ಮಾಡಿದ್ದು. ಅವಸರ ಬೇಡ ಅಂತಲೇ ಕೇಳಿಕೊಂಡಿದ್ರಂತೆ."

ಶಾಚೋ ಮುಚ್ಚಿದ ಬೀಸಣಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ದೇವರ ಕಡೆ ನೋಡುತ್ತಿದ್ದರು. ಎಪ್ಪತ್ತೊಂದು ವರ್ಷ ಎಲ್ಲದಕ್ಕೂ ಕೈ ಜೋಡಿಸಿದ ಮನುಷ್ಯ ಈಗ ಕೈ ಬಿಡಿಸಿಕೊಳ್ಳುವುದು ಸುಲಭವಿರಲಿಲ್ಲ.

"ಮಾಡಿ," ಎಂದರು.

"ಶಾಚೋ, ಅಂಗಡಿಯವರಿಗೆ ನಾನು ಏನು ಹೇಳಲಿ?" ನಗಾಮಿನೆ ಪಿಸುಗುಟ್ಟಿದ.

"ಬಸುರಿ ಅಂತ ಹೇಳು."

ಡೋಲು ಬಡಿಯಿತು. ಅರ್ಚಕರು ಕಟ್ಟಿದ ಗಂಟಲಿನಲ್ಲೇ ಉದ್ದಕ್ಕೆ ಎಳೆದು, ಒಸಾಕಾ ನಗರದ ಇಂಥ ಬೀದಿಯ ಇಂಥ ಕಟ್ಟಡದ ಮೂರನೆಯ ಮಹಡಿಯಲ್ಲಿ ಸಗಿಸಾಕಾ ಇವಾವೊ ಹೊತ್ತಿರುವ ಓನುಯಿ ಎಂಬವಳು ಡಿಸೆಂಬರ್ ತಿಂಗಳಲ್ಲಿ ದಿನ ತುಂಬಿ, ಕೈಕಾಲು ಕತ್ತು ಸರಿಯಾಗಿದ್ದು, ಲೋಕಕ್ಕೆ ಬರಲಿ ಎಂದು ಬಿನ್ನವಿಸಿಕೊಂಡರು. ಇಪ್ಪತ್ತು ವರ್ಷ ಮೂಲಂಗಿ ಎಂಬ ಹೆಸರಿನಲ್ಲಿ ದುಡಿದವನ ನಿಜಹೆಸರನ್ನು ಸಾರ್ವಜನಿಕವಾಗಿ ಗಟ್ಟಿಯಾಗಿ ಓದಿದ್ದು ಅದೇ ಮೊದಲು. ಬಿಳಿ ಪಟ್ಟಿಗಳ ಕೋಲು ಬೀಸಿದಾಗ ಎಲ್ಲರಿಗಿಂತ ಮೊದಲು ತಲೆ ಬಗ್ಗಿಸಿದವನು ಸಗಿಸಾಕಾ. ನಗಾಮಿನೆ ಬಗ್ಗಿಸಲು ಮರೆತು ಕೂತಿದ್ದ.

ಕೊನೆಯಲ್ಲಿ ಪದ್ಧತಿಯಂತೆ ಬಸುರಿಗೆ ಕಟ್ಟುವ ಬಿಳಿ ಹತ್ತಿಯ ಹೊಟ್ಟೆಪಟ್ಟಿಯನ್ನು ಕೊಟ್ಟರು. ಸಗಿಸಾಕಾ ಎರಡೂ ಕೈಗಳಿಂದ ತೆಗೆದುಕೊಂಡ. ಅಂಗಳದಲ್ಲಿ ಶಾಚೋ ಅವನನ್ನು ನಿಲ್ಲಿಸಿದರು.

"ದೇವರ ಮುಂದೆ ನನ್ನನ್ನ ಕಟ್ಟಿಹಾಕಿದೆ."

"ಅವರು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟೆ, ಶಾಚೋ."

"ಡಿಸೆಂಬರಿಗೆ ಆಗಲಿಲ್ಲ ಅಂದ್ರೆ?"

"ಆಗತ್ತೆ."

"ಆಗತ್ತೆ. ಆದ ಮೇಲೆ ನಿನ್ನನ್ನ ವಿಚಾರಿಸಿಕೊಳ್ತೀನಿ. ಅದನ್ನ ನಾನು ಯಾವ ದೇವರಿಗೂ ಹೇಳಿ ಮಾಡಬೇಕಾಗಿಲ್ಲ."

"ಸರಿ," ಎಂದ ಸಗಿಸಾಕಾ. ಅವನಿಗೆ ಅದು ನ್ಯಾಯವೆಂದೇ ಕಂಡಿತು. "ಹಾಗೇ ರಿಪೇರಿಯವನನ್ನ ಕಳಿಸಿ. ಕೊಳವೆ ಇನ್ನೂ ಸೋರ್ತಾ ಇದೆ."

ಮೂರನೆಯ ಮಹಡಿಯಲ್ಲಿ ಇಗುಚಿ ಎಡಗೈಯ ಕಿರುಬೆರಳಿಗೆ ಬಂದಿದ್ದಳು. ಸಗಿಸಾಕಾ ಬಂದು ಓನುಯಿ ಇದ್ದ ಕಂಪ್ಯೂಟರಿನ ಸುತ್ತ ಬಿಳಿ ಪಟ್ಟಿಯನ್ನು ಸುತ್ತಿ ಗಂಟು ಹಾಕಿದ. ಅವಳು ನೋಡಿದಳು.

"ಗಾಳಿ ಆಡೋ ಕಿಂಡಿ ಮುಚ್ಚಿದೆ," ಎಂದಳು. "ಬಿಸಿಯಾಗತ್ತೆ. ಸ್ವಲ್ಪ ಕೆಳಗೆ ಕಟ್ಟಿ."

ಕೆಳಗೆ ಕಟ್ಟಿದ.

"ಎಷ್ಟು ದಿನ ಸಿಕ್ಕಿತು?"

"ಡಿಸೆಂಬರ್ ತನಕ."

ಇಗುಚಿ ಎಡಗೈಯ ಕೆಲಸವನ್ನು ಉಳಿಸಿಟ್ಟಳು. ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಅಷ್ಟು ದಿನ ಮಾಡಿದ್ದ ಕತ್ತಿನ ಚಲನೆಯನ್ನೆಲ್ಲ ಅಳಿಸಿ, ಮೊದಲಿನಿಂದ ಶುರುಮಾಡಿದಳು.

ಆ ಬೇಸಿಗೆಯಲ್ಲಿ ಬೇರೆ ಕಂಪನಿಗಳ ದೆವ್ವಗಳು ಬಂದವು, ಬೀರುಗಳಿಂದ ಹಾರಿದವು, ಸೆಪ್ಟೆಂಬರಿನಲ್ಲಿ ಅರ್ಧ ಬೆಲೆಯ ಬುಟ್ಟಿಗೆ ಬಿದ್ದವು. ಉಮೆಗಾಕಿ ಕಂಪನಿಯಲ್ಲಿ ಕೊಳವೆ ರಿಪೇರಿಯಾಯಿತು. ಜನ ವಾರದಲ್ಲಿ ಎರಡು ದಿನ ಸಂಜೆಯೇ ಮನೆಗೆ ಹೋಗತೊಡಗಿದರು. ಏನಾದರೂ ಕೆಟ್ಟರೆ ಯಾರು ಕೆಡಿಸಿದರೆಂದು ಕೇಳುವುದು ರೂಢಿಯಾಯಿತು, ಇದು ಹಲವರಿಗೆ ಹಿಡಿಸಲಿಲ್ಲ. ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ನಗಾಮಿನೆ ಆಟವನ್ನು ನೋಡಲು ಬಂದು, ಗಿರಣಿಯೊಳಗೆ ಹೋಗಿ, ಹತ್ತಿಯ ಮೂಟೆಯ ಹಿಂದೆ ಅಡಗಿದ. ಎರಡನೆಯ ಸಲವೂ ಅಲ್ಲೇ ಅಡಗಿದ. ಮೂರನೆಯ ಸಲ ಓನುಯಿ ನೂಲುವುದನ್ನು ನಿಲ್ಲಿಸಿ, ಕತ್ತೆತ್ತಿ, ಮೂಟೆಯ ಕಡೆಗೆ ನೋಡಿದಳು. ನಗಾಮಿನೆ ಕೈಯಲ್ಲಿದ್ದ ಕಂಟ್ರೋಲರನ್ನು ಮೇಜಿನ ಮೇಲಿಟ್ಟು ಎದ್ದು ಹೋದ. ಲಿಫ್ಟ್ ಹತ್ತಲಿಲ್ಲ, ಮೆಟ್ಟಿಲಿನಲ್ಲೇ ಇಳಿದ, ಗೋಡೆ ಹಿಡಿದುಕೊಂಡು.

ಆಟ ಡಿಸೆಂಬರಿನ ಎರಡನೆಯ ವಾರ ಅಂಗಡಿಗೆ ಬಂತು. ಕೊನೆಯಲ್ಲಿ ಬರುವ ಹೆಸರುಗಳಲ್ಲಿ ನಿರ್ದೇಶಕ ಸಗಿಸಾಕಾ ಇವಾವೊ ಎಂದಿತ್ತು. ಮಾರಾಟ ಸಾಧಾರಣವಾಗಿತ್ತು. ಫೆಬ್ರವರಿಯಲ್ಲಿ ಅವನನ್ನು ಪಚಿಂಕೊ ಎಂಬ ಜೂಜಿನ ಯಂತ್ರಗಳ ವಿಭಾಗಕ್ಕೆ ವರ್ಗ ಮಾಡಿದರು.